ಅರವತ್ತಾದಾಗ ಹೇಳು

ಕಗ್ಗದಾಸಪುರ, ಬೆಂಗಳೂರು
9 ಮಾರ್ಚ್ 2025

…ಆದ್ರೆ ಅರವತ್ತು ಸೆಕೆಂಡು ಅಂದ್ರೆ ಅರವತ್ತೇ ಅಂತ ಕ್ಲಾಸಲ್ಲಿ ಬೋರ್ಡಿಗೆ ಡಸ್ಟರ್ ಬಡಿದು ಹೇಳಿದ್ದು ನೀವೇ ಅಲ್ವಾ ಆಪಾ? ಹಾಗಿದ್ದ ಮೇಲೆ ಇಪ್ಪತ್ತನಾಲ್ಕಕ್ಕೇ ಮುಗಿದ ಕೇಸು ಅಷ್ಟು ಚೆನ್ನಾಗಿ ಹೇಗೆ ಬಂತು? ಮೂರು ದಿನದಿಂದ ಇದೇ ತಲೇಲಿ ತಿರುಗ್ತಿದೆ. ಗ್ರೂಪಲ್ಲಿ ಕೇಳೋಣ ಅಂದ್ರೆ ನೀವು ಎಲ್ಲ ಗ್ರೂಪಿಂದ ಎಕ್ಸಿಟ್. "ಸ್ಕ್ರೀನ್‌ಶಾಟ್‌ಗೆ ಕಾಲಿರತ್ತೆ ಬೇಟಾ, ಕೆಲಸದ ವಿಷಯ ಕಾಗದದಲ್ಲಿ ಬರಿ" ಅಂದ್ಬಿಟ್ಟು ನಮ್ಮೂರು ಕಲಬುರಗಿಗೆ ಹೋದ್ರಿ. ಅದಕ್ಕೇ ಪೆನ್ನು ಹಿಡಿದಿದ್ದೀನಿ. ಪಿಯುಸಿ ಆದಮೇಲೆ ಇಷ್ಟುದ್ದ ಬರೀತಿರೋದು ಇದೇ ಮೊದಲು, ಅಕ್ಷರ ನೋಡಿ ನಗಬೇಡಿ.

ಮೊದಲಿಂದ ಹೇಳ್ತೀನಿ. ನೀವು ಬಿಟ್ಟುಹೋದ ಇಂದಿರಾನಗರದ ಹೃದಯದ ಆಸ್ಪತ್ರೆಯ ಅದೇ ಕ್ಯಾತ್ ಲ್ಯಾಬಿಗೆ ನಾನು ಜನವರಿಯಲ್ಲಿ ಟ್ರೈನಿ ಆಗಿ ಸೇರಿದೆ ಅಂತ ನಿಮಗೆ ಗೊತ್ತು. ಎರಡು ತಿಂಗಳು ಪೇಷೆಂಟನ್ನು ಟೇಬಲ್ಲಿಗೆ ಹತ್ತಿಸುವುದು, ಇಳಿಸುವುದು, ಎಕ್ಸ್‌ರೇ ತಡೆಯುವ ಸೀಸದ ಏಪ್ರನ್ ನೇತುಹಾಕುವುದು, ಇಷ್ಟೇ ಕೆಲಸ. ಗುರುವಾರ ಮೊದಲ ಸಲ ಡಾಕ್ಟರ್ ನಚಿಕೇತ ಸರ್ ಕೇಸಿನಲ್ಲಿ ಒಳಗೆ ನಿಂತೆ. ಆಪಾ, ಅವರ ಯಾವ ಲೆಕ್ಚರ್ ವಿಡಿಯೋನೂ ನಾನು ಬಿಟ್ಟಿಲ್ಲ. ಅವರು ನಾಳದೊಳಗೆ ತಂತಿ ತಿರುಗಿಸುವ ಬೆರಳನ್ನು ಎರಡಡಿ ದೂರದಿಂದ ನೋಡಿದೆ. ನಮ್ಮ ಅವ್ವ ಶರಣಬಸವೇಶ್ವರನ ತೇರಿನ ಹಗ್ಗ ಮುಟ್ಟಿ ಬಂದ ದಿನ ಹೇಗೆ ಮಾತಾಡ್ತಿದ್ದಳೋ ಹಾಗೆ ನಾನು ಮನೆಗೆ ಬಂದು ಮಾತಾಡಿದೆನಂತೆ.

ಪೇಷೆಂಟ್ ಯಜ್ಞನಾರಾಯಣ ತಾತ, ವಿಮಾನಪುರ, ಎಪ್ಪತ್ತೊಂದು ವಯಸ್ಸು. ಆರು ವರ್ಷದ ಹಿಂದೆ ಹಾಕಿದ್ದ ಸ್ಟೆಂಟಿನ ಒಳಗೇ ಮತ್ತೆ ಕಟ್ಟಿಕೊಂಡಿತ್ತು. ಅದೇ ಜಾಗದಲ್ಲಿ ಲೋಹದ ಮೇಲೆ ಇನ್ನೊಂದು ಲೋಹ ಬೇಡ, ಔಷಧಿ ಹಚ್ಚಿದ ಬಲೂನ್ ಸಾಕು ಎಂದು ಸರ್ ನಿರ್ಧರಿಸಿದರು. ಮೊದಲು ಬರೀ ಬಲೂನಿನಿಂದ ಜಾಗ ಚೆನ್ನಾಗಿ ಬಿಡಿಸಿದರು. ನಮ್ಮಪ್ಪ ಗೋಡೆಗೆ ಪುಟ್ಟಿ ಹಚ್ಚಿ ಉಜ್ಜಿ ಆಮೇಲೆ ಬಣ್ಣ ಹೊಡೆಯುತ್ತಾನಲ್ಲ, ಹಾಗೇ. ಆಮೇಲೆ ಔಷಧಿ ಬಲೂನ್. ಅದರ ರೂಲ್ಸೆಲ್ಲ ನನಗೆ ಬಾಯಿಪಾಠ: ಕೈಯಲ್ಲಿ ಮುಟ್ಟಬಾರದು, ದಾರಿಯಲ್ಲಿ ತಡ ಮಾಡಿದರೆ ರಕ್ತದಲ್ಲೇ ಔಷಧಿ ತೊಳೆದುಹೋಗುತ್ತದೆ, ಜಾಗಕ್ಕೆ ತಲುಪಿ ಉಬ್ಬಿಸಿದ ಮೇಲೆ ಅರವತ್ತು ಸೆಕೆಂಡು ಹಿಡಿಯಬೇಕು, ಆಗಲೇ ಔಷಧಿ ಗೋಡೆಗೆ ಅಂಟುವುದು.

ಬಲೂನ್ ಉಬ್ಬಿಸುವ ಪಂಪು ಜೂನಿಯರ್ ಡಾಕ್ಟರ್ ವಿಕ್ರಮ್ ಕೈಯಲ್ಲಿತ್ತು. ಸ್ಟಾಪ್‌ವಾಚ್ ನನ್ನ ಕೈಗೆ ಕೊಟ್ಟು ಸರ್ ಹೇಳಿದ್ದು ಇಷ್ಟೇ: "ಅರವತ್ತಾದಾಗ ಹೇಳು." ನಾನು ಮನಸ್ಸಿನಲ್ಲೇ ಎಣಿಸುತ್ತಿದ್ದೆ. ಮಧ್ಯದಲ್ಲಿ ಸರ್, "ಬಿ.ಪಿ. ಇಳೀತಿದೆ, ಅದರ ಮೇಲೂ ಒಂದು ಕಣ್ಣಿಡಮ್ಮ" ಎಂದರು. ನಾನು "ಆಯ್ತ್ರಿ ಸರ್" ಅಂದೆ. ಮಾನಿಟರ್ ನೋಡಿ ಈ ಕಡೆ ತಿರುಗುವುದರೊಳಗೆ ಬಲೂನ್ ಇಳಿದಿತ್ತು! ವಾಚಿನಲ್ಲಿ ಇಪ್ಪತ್ತನಾಲ್ಕು. ಇನ್ನೂ ಅರವತ್ತಾಗಿಲ್ಲವಲ್ಲ ಅಂದುಕೊಂಡೆ. ಆದರೆ ಸರ್ ಒಂದು ಮಾತೂ ಆಡಲಿಲ್ಲ. ಡೈ ಬಿಟ್ಟು ಎಕ್ಸ್‌ರೇಯಲ್ಲಿ ನೋಡಿದರೆ ನಾಳದಲ್ಲಿ ಹೊಸ ಪೈಪಿನ ಹಾಗೆ ಫ್ಲೋ ಆಗುತ್ತಿದೆ. "ಬ್ಯೂಟಿಫುಲ್, ಮುಗಿಸೋಣ" ಎಂದರು.

ಆಗ ನನಗೆ ಹೊಳೆಯಿತು, ಇದು ಸರ್ ಸ್ಟೈಲ್! ಪುಸ್ತಕದಲ್ಲಿಲ್ಲ, ಕೈಯಲ್ಲಿದೆ. ಪೇಷೆಂಟ್ ಹೆಸರು, ಚಿತ್ರ ಏನೂ ಹಾಕದೆ ನಮ್ಮ ಟೆಕ್ನಿಷಿಯನ್ ಗ್ರೂಪಿನಲ್ಲಿ ಬರೆದೆ: "ಅರವತ್ತು ಓಲ್ಡ್ ಸ್ಕೂಲ್. ನಮ್ಮ ಸರ್ 24. ಫ್ಲೋ ನೋಡ್ಬೇಕಿತ್ತು ಗುರು." ಒಂದೇ ಸಂಜೆಗೆ ನೂರಾ ಹನ್ನೆರಡು ಹಾರ್ಟು ಬಂದಿದೆ.

ಆದ್ರೂ ಯಾಕೆ ಅಂತ ಅರ್ಥ ಆಗ್ತಿಲ್ಲ. ಇಪ್ಪತ್ತನಾಲ್ಕರ ಗುಟ್ಟೇನು? ನಿಮಗೆ ಗೊತ್ತಿರತ್ತೆ. ಹೇಳಿ ಪ್ಲೀಸ್.

ನಿಮ್ಮ
ಪ್ರಿಯದರ್ಶಿನಿ


ಕಲಬುರಗಿ
21 ಮಾರ್ಚ್ 2025

ಪ್ರಿಯಾ ಬೇಟಾ,

ಕಾಗದ ತಲುಪಿ ಐದಾರು ದಿನವಾಯಿತು. ರೋಜಾ ನಡೆಯುತ್ತಿದೆ, ಮೇಲೆ ಈ ಊರಿನ ಬಿಸಿಲು. ಮಧ್ಯಾಹ್ನದ ಮೇಲೆ ಪೆನ್ನು ಹಿಡಿದರೆ ಕೈ ಜಾರುತ್ತದೆ. ಶಿವಾಜಿನಗರದಲ್ಲಿ ಹುಟ್ಟಿ ಬೆಳೆದವಳಿಗೆ ರಂಜಾನಿನಲ್ಲಿ ರಸೆಲ್ ಮಾರ್ಕೆಟ್ ಕಡೆ ಕಾಲು ಹಾಕದೆ ಇರುವುದೇ ಒಂದು ರೋಜಾ. ನಿಮ್ಮ ಕಡೆಯವರು ಒಳ್ಳೆಯವರು, ಊಟಕ್ಕೆ ಕರೆಯುತ್ತಲೇ ಇರುತ್ತಾರೆ, ಆಮೇಲೆ ನೆನಪಾಗಿ ನಾಲಗೆ ಕಚ್ಚಿಕೊಳ್ಳುತ್ತಾರೆ.

ಯಜ್ಞನಾರಾಯಣ ಅವರು ನನಗೆ ಚೆನ್ನಾಗಿ ನೆನಪಿದ್ದಾರೆ. ಮೊದಲ ಸ್ಟೆಂಟ್ ಹಾಕಿದಾಗ ನಾನೇ ಟೇಬಲ್ಲಿನ ಪಕ್ಕ ಇದ್ದೆ. ಮಲಗಿಕೊಂಡೇ "ಆ ಪ್ರೆಷರ್ ಗೇಜಿಗೆ ಕ್ಯಾಲಿಬ್ರೇಷನ್ ಚೀಟಿ ಅಂಟಿಸಿದ್ದೀರೇನಮ್ಮ?" ಎಂದು ಕೇಳಿದ್ದರು. ವಿಮಾನ ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಷನ್ ಡಿಪಾರ್ಟ್‌ಮೆಂಟಿನಲ್ಲಿದ್ದವರು. ಈಗ ಹೇಗಿದ್ದಾರೆ? ಮೆಟ್ಟಿಲು ಹತ್ತುತ್ತಾರಾ? ಎದೆ ಹಿಡಿದಂತಾಗುತ್ತದೆ ಎಂದು ಏನಾದರೂ ಹೇಳಿದರಾ? ವಿಚಾರಿಸಿ ಬರಿ.

ಇನ್ನೆರಡು ವಿಷಯ. ಗ್ರೂಪಿನಲ್ಲಿ ಹಾಕಿದ್ದನ್ನು ತೆಗೆದುಹಾಕು. ಒಂದು ಕೇಸು ಪಾಠವಾಗುವುದಿಲ್ಲ. ಬಲೂನಿನ ಅಳತೆ, ಜಾಗ ಬಿಡಿಸಿದ ರೀತಿ, ಒಳಗೆ ಒಯ್ದ ಹೊತ್ತು, ಹಿಡಿದ ಹೊತ್ತು, ಇಷ್ಟೂ ಸೇರಿ ಕೆಲಸ. ಅವತ್ತಿನ ಚಿತ್ರ ಚೆನ್ನಾಗಿ ಬರುವುದು ಬಿಡಿಸಿದ್ದರಿಂದ. ಔಷಧಿ ಅಂಟಿತೋ ಇಲ್ಲವೋ ಅವತ್ತು ಯಾರಿಗೂ ಕಾಣುವುದಿಲ್ಲ, ಆರು ತಿಂಗಳಿಗೆ ಕಾಣುತ್ತದೆ.

ಎರಡನೆಯದು, ಇನ್ನು ಮೇಲೆ ಎಣಿಸುವಾಗ ಯಾರು ಏನು ಹೇಳಿದರೂ ಬಾಯಿ ಬಿಡಬೇಡ. ತಲೆ ಆಡಿಸು, ಸಾಕು. ಯಾಕೆ ಎಂದು ಕೇಳಬೇಡ.

ಮೆಹರುನ್ನೀಸಾ


ಕಗ್ಗದಾಸಪುರ
30 ಮಾರ್ಚ್ 2025, ಯುಗಾದಿ

ಆಪಾ,

ಹಬ್ಬದ ಶುಭಾಶಯ ಮತ್ತೆ ಅಡ್ವಾನ್ಸ್ ಈದ್ ಮುಬಾರಕ್. ಒಂದು ಮಾತು ಹೇಳಿದ್ರೆ ಬೇಜಾರಾಗಬೇಡಿ. ನಾನು ಗುಟ್ಟು ಕೇಳಿದೆ, ನೀವು ಬಾಯಿ ಮುಚ್ಕೋ ಅಂದ್ರಿ. ಎರಡು ಸಲ ಓದಿದೆ. ಟ್ರೈನಿ ಅಂದ್ರೆ ಮಾತಾಡಲೇಬಾರದಾ? ನಚಿಕೇತ ಸರ್ ವಿಡಿಯೋದಲ್ಲಿ "ಲ್ಯಾಬಲ್ಲಿ ಯಾರಿಗೆ ಡೌಟ್ ಬಂದ್ರೂ ಜೋರಾಗಿ ಹೇಳಿ" ಅಂತಾರೆ. ಯಾರ ಮಾತು ಕೇಳಲಿ?

ಪೋಸ್ಟ್ ತೆಗೆದಿಲ್ಲ. ತೆಗೆಯೋಕೆ ಮನಸ್ಸು ಬರಲಿಲ್ಲ, ಯಾಕಂದ್ರೆ ಥ್ರೆಡ್ ಈಗ ಬೆಂಕಿ. ದಾವಣಗೆರೆ ಕಡೆಯ ಒಬ್ಬ, ತಮ್ಮ ಡಾಕ್ಟರಿಗೆ ಇದನ್ನು ತೋರಿಸಿದೆ, ಅವರೂ "ಹೌದಾ?" ಎಂದು ಯೋಚನೆ ಮಾಡುತ್ತಿದ್ದಾರೆ ಎಂದು ಬರೆದಿದ್ದಾನೆ. ಇನ್ನೊಬ್ಬ "24 ಎಲ್ಲಿ ಪಬ್ಲಿಷ್ ಆಗಿದೆ, ಲಿಂಕ್ ಕೊಡಿ ಸಿಸ್ಟರ್" ಎಂದ. ಅವನಿಗೆ ಇಬ್ಬರು "ಎಲ್ಲಕ್ಕೂ ಲಿಂಕ್ ಬೇಕಾ ಮಗಾ, ಊಟ ಮಾಡೋಕೂ ಲಿಂಕ್ ಕೇಳ್ತೀಯಾ" ಎಂದು ಬಿದ್ದರು. ನಾನು ನಕ್ಕೆ. ಆಮೇಲೆ ಯಾಕೋ ನಗು ನಿಂತಿತು. ನನ್ನ ಹತ್ತಿರ ಲಿಂಕ್ ಇಲ್ಲವಲ್ಲ.

ಅದಕ್ಕೇ ಧೈರ್ಯ ಮಾಡಿ ಸರ್ ಅವರನ್ನೇ ಕೇಳಿದೆ. ಕೈ ತೊಳೆಯುತ್ತಾ ನಿಂತಿದ್ದರು. "ಸರ್, ಆ ವಿಮಾನಪುರದ ಕೇಸಲ್ಲಿ ಇಪ್ಪತ್ತನಾಲ್ಕಕ್ಕೇ ಯಾಕೆ ನಿಲ್ಲಿಸಿದ್ರಿ?" ಎಂದೆ.

"ಇಪ್ಪತ್ತನಾಲ್ಕಾ? ನಲವತ್ತು ಹತ್ತಿರ ಆಗಿರ್ಬೇಕು ಅನ್ಕೊಂಡಿದ್ದೆ," ಎಂದರು. "ಬಿ.ಪಿ. ಬೀಳ್ತಿತ್ತು, ವಿಕ್ರಮ್ ನೋಡ್ಕೊಂಡು ಬೇಗ ಇಳಿಸಿದ. ಒಳ್ಳೇ ಜಡ್ಜ್‌ಮೆಂಟ್."

ಸರಿ, ಹಾಗಾದರೆ ಸ್ಟೈಲು ವಿಕ್ರಮ್ ಸರ್‌ದಾ ಎಂದು ಅವರ ಹತ್ತಿರ ಹೋದೆ. ಅವರು ಕ್ಯಾಂಟೀನಿನಲ್ಲಿ ಇಡ್ಲಿ ತಿನ್ನುತ್ತಿದ್ದರು.

"ನಾನೆಲ್ಲಿ ಡಿಸೈಡ್ ಮಾಡಿದೆ? ಪಂಪ್ ಹಿಡಿದೋನು ಕೂಲಿಯವನು ಕಣಮ್ಮ. ಹೇಳಿದಾಗ ಇಳಿಸ್ತೀನಿ."

"ಯಾರು ಹೇಳಿದ್ದು ಸರ್?"

"ಯಾರೋ ಹೇಳಿದ್ರಪ್ಪ. ಹೇಳದೆ ನಾನ್ಯಾಕೆ ಇಳಿಸ್ಲಿ? ಚಟ್ನಿ ಇದೆಯಾ ನೋಡು ಆ ಕಡೆ."

ಈಗ ನೀವೇ ಹೇಳಿ. ಸರ್ ಪ್ರಕಾರ ವಿಕ್ರಮ್ ಸರ್, ವಿಕ್ರಮ್ ಸರ್ ಪ್ರಕಾರ ಯಾರೋ. ಆ ರೂಮಲ್ಲಿ ಇನ್ನೊಂದು ಮಾತು ಕೇಳಿಸಿದ ನೆನಪೇ ನನಗಿಲ್ಲ. ಬಲೂನ್ ತಾನಾಗೇ ಇಳಿಯಿತಾ?

ತಾತನ ವಿಷಯ: ಸೀತಮ್ಮಜ್ಜಿ, ಅಂದರೆ ಅವರ ಮನೆಯವರು, ಮಾತ್ರೆ ಬರೆಸಿಕೊಳ್ಳಲು ಬಂದಿದ್ದರು. "ಚೆನ್ನಾಗಿದ್ದಾರೆ ಕಣೇ, ಬೆಳಿಗ್ಗೆ ಪಾರ್ಕಲ್ಲಿ ನಾಲ್ಕು ಸುತ್ತು. ಬೆಂಚ್ ಬೋಲ್ಟ್ ಲೂಸಾಗಿದೆ ಅಂತ ಕಾರ್ಪೊರೇಷನ್‌ಗೆ ಅರ್ಜಿ ಬೇರೆ ಬರೆದಿದ್ದಾರೆ," ಎಂದರು. ಎದೆ ನೋವಿಲ್ಲವಂತೆ.

ಪ್ರಿಯದರ್ಶಿನಿ


ಕಲಬುರಗಿ
5 ಏಪ್ರಿಲ್ 2025

ಪ್ರಿಯಾ,

ಬಲೂನ್ ತಾನಾಗಿ ಇಳಿಯುವುದಿಲ್ಲ. ಇಳಿಸು ಎಂದು ಹೇಳಿದ್ದು ನೀನು. ಆ ಮಾತನ್ನು ನಿನ್ನ ಮೊದಲ ಕಾಗದದಲ್ಲಿ ನೀನೇ ಬರೆದಿದ್ದೀಯ: "ಆಯ್ತ್ರಿ ಸರ್."

ಕೂತುಕೊಂಡು ಓದು. ಆ ಲ್ಯಾಬ್ ಶುರುವಾದಾಗ ಒಬ್ಬೊಬ್ಬರದು ಒಂದೊಂದು ಭಾಷೆ. ಹಲಸೂರಿನ ತಮಿಳು ಡಾಕ್ಟರು, ಕೇರಳದ ಸಿಸ್ಟರು, ದಖನಿ ಮಾತಿನ ನಾನು. ಎಣಿಸುವವರು ಮುಗಿಯಿತು ಎನ್ನಲು ಮೊದಲು "ಡನ್" ಎನ್ನುತ್ತಿದ್ದರು. ಒಂದು ದಿನ ಡಾಕ್ಟರು ಟೇಬಲ್ ತಗ್ಗಿಸಲು "ಡೌನ್" ಎಂದರು, ಪಂಪಿನವನು ಬಲೂನ್ ಇಳಿಸಿದ. ಅದಕ್ಕೆ ನಾನು ಹೇಳಿದೆ, ಇಂಗ್ಲಿಷ್ ಬೇಡ, ಎಣಿಸುವವರು "ಆಯ್ತು" ಅನ್ನಲಿ, ಅದು ಎಲ್ಲರಿಗೂ ಗೊತ್ತಿರುವ ಪದ. ಅವತ್ತಿನಿಂದ ಅದೇ ನಡೆಯಿತು. ವಿಕ್ರಮ್ ಪಂಪು ಹಿಡಿಯಲು ಕಲಿತದ್ದು ನನ್ನ ಪಕ್ಕದಲ್ಲೇ. ಎಣಿಸುವವರ ಬಾಯಿಂದ ಆ ಪದ ಬಿದ್ದರೆ ಅವನ ಕೈ ಯೋಚನೆ ಮಾಡುವುದಿಲ್ಲ. ಅವನ ಕೈಯನ್ನು ಹಾಗೆ ಪಳಗಿಸಿದವಳು ನಾನು.

ನಮ್ಮ ಲ್ಯಾಬಿನಲ್ಲಿ ಸರಿ ಎನ್ನಬೇಕಾದಾಗ ಎಲ್ಲರೂ "ಓಕೆ" ಅನ್ನುತ್ತಿದ್ದೆವು, ಇಲ್ಲಾ "ಸರಿ". ಹಾಗಾಗಿ ಒಂದು ಸಲವೂ ಎಡವಟ್ಟಾಗಲಿಲ್ಲ. ಇಲ್ಲಿಗೆ ಬಂದ ಮೇಲೆ ಗೊತ್ತಾಯಿತು, ನಿಮ್ಮವರು ಎಲ್ಲದಕ್ಕೂ "ಆತ್ರಿ", "ಆಯ್ತ್ರಿ". ನೀರು ತನ್ನಿ ಅಂದರೆ ಆತ್ರಿ, ನಾಳೆ ಬನ್ನಿ ಅಂದರೆ ಆತ್ರಿ. ಮೊದಲ ವಾರವೆಲ್ಲ ಅದು ಕಿವಿಗೆ ಬಿದ್ದಾಗಲೆಲ್ಲ ನನ್ನ ಕೈ ಬೆಚ್ಚುತ್ತಿತ್ತು. ನಗು ಬರುತ್ತಿತ್ತು. ಬೆಂಗಳೂರಿಗೆ ಫೋನ್ ಮಾಡಿ ಆ ಪದ ಬದಲಿಸಿ ಎಂದು ಹೇಳಬೇಕು ಅನ್ನಿಸಲಿಲ್ಲ. ಅಲ್ಲಿ ನಿನ್ನ ಕಡೆಯವರು ಯಾರೂ ಇರಲಿಲ್ಲವಲ್ಲ. ಆಮೇಲೆ ನೀನು ಸೇರಿದೆ.

ನಿನ್ನ ಮೊದಲ ಕಾಗದ ಓದಿದ ದಿನವೇ ಗೊತ್ತಾಗಿತ್ತು. ಹೇಳಲಾಗಲಿಲ್ಲ. ನಿನ್ನ ಉತ್ಸಾಹ ಕೆಡುತ್ತದೆ ಎಂದು ಅಂದುಕೊಂಡೆ. ಅದಷ್ಟೇ ಕಾರಣವಾ ಎಂದು ಕೇಳಿದರೆ ಗೊತ್ತಿಲ್ಲ.

ಇಪ್ಪತ್ತನಾಲ್ಕರಿಂದ ಏನು ಕೆಡುತ್ತದೆ? ಅದೂ ನನಗೆ ಗೊತ್ತಿಲ್ಲ. ಕೆಲವು ಬಲೂನಿಗೆ ಮೂವತ್ತು ಸಾಕು ಎಂದು ಅದರ ಪೆಟ್ಟಿಗೆಯ ಕಾಗದದಲ್ಲೇ ಇರುತ್ತದೆ, ಕೆಲವಕ್ಕೆ ಅರವತ್ತು. ಮೂವತ್ತಕ್ಕೂ ಕಡಿಮೆ ಎಂದು ನಾನು ಎಲ್ಲೂ ಓದಿಲ್ಲ. ಅವರಿಗೆ ಏನೂ ಆಗದೆ ಇರಬಹುದು. ಮತ್ತೆ ಕಟ್ಟಿಕೊಳ್ಳಲೂಬಹುದು. ನಚಿಕೇತ ಡಾಕ್ಟರಿಗೆ ಗೊತ್ತಿದ್ದರೆ ಬೇಗ ಕರೆಸಿ ನೋಡುತ್ತಾರೆ. ಗೊತ್ತಿಲ್ಲದಿದ್ದರೆ ಚೆನ್ನಾಗಿದೆ ಎಂದುಕೊಂಡೇ ಇರುತ್ತಾರೆ. ಅದಕ್ಕೇ ನೀನು ಹೇಳಬೇಕು.

ಆ ಪೋಸ್ಟನ್ನು ಇವತ್ತೇ ತೆಗೆ.

ಮೆಹರುನ್ನೀಸಾ


ಕಗ್ಗದಾಸಪುರ
13 ಏಪ್ರಿಲ್ 2025

ಆಪಾ,

ಮೂರು ಸಲ ಬರೆದು ಹರಿದೆ. ಎರಡು ದಿನ ಹೊಟ್ಟೆನೋವು ಅಂತ ಡ್ಯೂಟಿಗೆ ಹೋಗಲಿಲ್ಲ. ಅವ್ವ ಓಂಕಾಳು ನುಂಗಿಸಿದಳು.

ನನ್ನದೇ ತಪ್ಪಾ ಇದು? ನಿಜವಾಗಲೂ ಕೇಳ್ತಿದ್ದೀನಿ, ಜಗಳ ಅಲ್ಲ. ಅವ್ವ ಊಟಕ್ಕೆ ಕರೆದರೆ ನಾನು ಆತು ಅಂತೀನಿ, ಅಪ್ಪ ಬೈದರೆ ಆತು ಅಂತೀನಿ. ಹುಟ್ಟಿದಾಗಿನಿಂದ ಅಂದಿದ್ದೀನಿ. ಆ ಪದಕ್ಕೆ ನಿಮ್ಮ ಲ್ಯಾಬಿನಲ್ಲಿ ಬೇರೆ ಅರ್ಥ ಇದೆ ಎಂದು ಯಾರೂ ಹೇಳಲಿಲ್ಲ. ಅರವತ್ತಾದಾಗ ಹೇಳು ಅಂದರು, ಏನಂತ ಹೇಳು ಅನ್ನಲಿಲ್ಲ. ಆದರೂ ವಾಚ್ ಇದ್ದದ್ದು ನನ್ನ ಕೈಯಲ್ಲಿ. ಇಪ್ಪತ್ತನಾಲ್ಕು ಕಂಡ ಆ ನಿಮಿಷ "ಸರ್, ಇನ್ನೂ ಆಗಿಲ್ಲ" ಅಂದಿದ್ದರೆ? ಅಲ್ಲೇ ಇನ್ನೇನಾದರೂ ಮಾಡುತ್ತಿದ್ದರೋ ಏನೋ. ನಾನು ಬೆರಗಾಗಿ ನಿಂತೆ. ಸರ್ ಮಾಡಿದ್ದು ತಪ್ಪಿರಬಹುದು ಅಂತ ನನಗೆ ಹೊಳೆಯಲೇ ಇಲ್ಲ. ಫ್ಯಾನ್ ಆಗಿರೋದು ಅಂದ್ರೆ ಹೀಗಾ?

ಪೋಸ್ಟ್ ಡಿಲೀಟ್ ಮಾಡಿದೆ. ಕೆಳಗೆ "ತಪ್ಪಾಗಿದೆ, ಯಾರೂ ಫಾಲೋ ಮಾಡಬೇಡಿ" ಎಂದೂ ಹಾಕಿದೆ. ಅದಕ್ಕೆ ಬಂದದ್ದು ಮೂರೇ ಹಾರ್ಟು. ನಿನ್ನೆ ಯಾವುದೋ ಗೊತ್ತಿಲ್ಲದ ಗ್ರೂಪಿನಿಂದ ನನ್ನ ಕ್ಲಾಸ್‌ಮೇಟ್ ಆದಿಲಕ್ಷ್ಮಿ ನನಗೇ ಫಾರ್ವರ್ಡ್ ಮಾಡಿದ್ದಾಳೆ: "ಬೆಂಗಳೂರು 24 ಟೆಕ್ನಿಕ್. ಸೇವ್ ಮಾಡ್ಕೊಳ್ಳೇ, ಎಕ್ಸಾಮ್‌ಗೆ ಬರಬಹುದು." ಅದರ ಕೆಳಗೆ ಯಾರೋ ಕಾರಣಗಳನ್ನೂ ಬರೆದಿದ್ದಾರೆ ಆಪಾ! ಹೊಸ ಔಷಧಿ ಬೇಗ ಅಂಟುತ್ತದಂತೆ. ನನ್ನ ನಾಲಗೆ ಹೊರಳಿದ್ದಕ್ಕೆ ಸೈನ್ಸ್ ಕೊಟ್ಟಿದ್ದಾರೆ. ಓದುತ್ತಾ ಓದುತ್ತಾ, ನಿಜವೇ ಇರಬಹುದಾ ಅಂತ ನನಗೇ ಅನ್ನಿಸಿಬಿಟ್ಟಿತು.

ಸರ್‌ಗೆ ಹೇಗೆ ಹೇಳಲಿ? ಹೇಳಿದರೆ ನನ್ನನ್ನು ತೆಗೆಯುತ್ತಾರಾ? ಹೇಳದಿದ್ದರೆ ತಾತ ಏನೂ ಗೊತ್ತಿಲ್ಲದೆ ಪಾರ್ಕಿನಲ್ಲಿ ನಾಲ್ಕು ಸುತ್ತು ಹಾಕುತ್ತಲೇ ಇರುತ್ತಾರೆ. ನೀವು ಜೊತೆಗೆ ಮಾತಾಡ್ತೀರಾ? ಪದ ಇಟ್ಟಿದ್ದು ನೀವು ಅಂತ ನೀವೇ ಹೇಳಿದರೆ ಅವರಿಗೆ ಬೇಗ ಅರ್ಥ ಆಗತ್ತೆ.

ಪ್ರಿಯಾ


ಕಲಬುರಗಿ
21 ಏಪ್ರಿಲ್ 2025

ಪ್ರಿಯಾ,

ನೀನೇ ಹೇಳು. ಬೆಳಿಗ್ಗೆ ಮೊದಲ ಕೇಸಿಗೆ ಮುಂಚೆ ಹೇಳು, ಆಗ ಅವರ ತಲೆ ತಣ್ಣಗಿರುತ್ತದೆ. ಅಳಬೇಡ. ದಿನಾಂಕ, ಸೆಕೆಂಡು, ನೀನು ಆಡಿದ ಮಾತು, ಇಷ್ಟೇ. ಕೇಸಿನ ರೆಕಾರ್ಡಿಂಗಿನಲ್ಲಿ ಗಡಿಯಾರ ಇರುತ್ತದೆ, ತೋರಿಸು.

ನನ್ನ ಹೆಸರು ಇದರಲ್ಲಿ ಬೇಡ. ನಿನಗೆ ಹೇಳಿರಲಿಲ್ಲ, ನಿಮ್ಮಲ್ಲೇ ಚೀಫ್ ಟೆಕ್ನಿಷಿಯನ್ ಜಾಗಕ್ಕೆ ಅರ್ಜಿ ಹಾಕಿದ್ದೇನೆ. ಮೇ ಕೊನೆಗೆ ಕರೆಯುತ್ತಾರೆ. ಈ ಸಮಯದಲ್ಲಿ "ಇವಳು ಇಟ್ಟ ಪದದಿಂದ ಹೀಗಾಯಿತು" ಎಂದು ಬಂದರೆ ಆ ಬಾಗಿಲು ಮುಚ್ಚುತ್ತದೆ. ನೀನು ಟ್ರೈನಿ, ನಿನ್ನನ್ನು ಕ್ಷಮಿಸುತ್ತಾರೆ. ಎಲ್ಲರಿಗೂ ಹೇಗೂ ಗೊತ್ತಿರುವ ಪದ ಅದು, ಯಾರು ಇಟ್ಟರು ಎನ್ನುವುದು ಯಾರಿಗೂ ಬೇಕಿಲ್ಲ.

ಅರ್ಥ ಮಾಡಿಕೋ ಬೇಟಾ.

ಮೆ.


ಕಗ್ಗದಾಸಪುರ
4 ಮೇ 2025

ಆಪಾ,

ಹೇಳಿದೆ.

ಸೋಮವಾರ ಬೆಳಿಗ್ಗೆ, ಮೊದಲ ಕೇಸಿಗೆ ಮುಂಚೆ. ಅಳಬೇಡ ಅಂದಿದ್ದಿರಿ. ದಿನಾಂಕ ಹೇಳುವವರೆಗೆ ಅಳಲಿಲ್ಲ. ಸರ್ ರೆಕಾರ್ಡಿಂಗ್ ತೆಗೆಸಿದರು. ಬಲೂನ್ ಉಬ್ಬುವುದು, ಇಳಿಯುವುದು, ಮೂಲೆಯಲ್ಲಿ ಗಡಿಯಾರ. ಇಪ್ಪತ್ತನಾಲ್ಕು. ವಿಕ್ರಮ್ ಸರ್ ಅವರನ್ನು ಕರೆಸಿದರು.

"ಏನಪ್ಪ, ನೀನು ಬಿ.ಪಿ. ನೋಡಿ ಇಳಿಸಿದ್ದಲ್ವಾ?"

"ಇಲ್ಲ ಸರ್. ಆಯ್ತು ಅಂತ ಕೇಳಿಸ್ತು, ಇಳಿಸ್ದೆ. ನೀವು ಸುಮ್ನಿದ್ರಿ, ಸರಿ ಇರ್ಬೇಕು ಅನ್ಕೊಂಡೆ."

"ನೀನು ಇಳಿಸಿದೆಯಲ್ಲ, ಸರಿ ಇರ್ಬೇಕು ಅಂತ ನಾನು ಸುಮ್ನಿದ್ದೆ."

ಇಬ್ಬರೂ ನನ್ನನ್ನು ನೋಡಿದರು. ನಾನು ಅವರಿಬ್ಬರನ್ನೂ ನೋಡಿ ಸರಿ ಇರಬೇಕು ಅಂದುಕೊಂಡು ಸುಮ್ಮನಿದ್ದೆ ಎಂದು ಹೇಳಲು ಹೋಗಿ ಅರ್ಧಕ್ಕೇ ಬಿಟ್ಟೆ. ಸರ್ ತುಂಬಾ ಹೊತ್ತು ಕನ್ನಡಕ ಒರೆಸಿದರು. "ಗಡಿಯಾರ ನಾನೂ ನೋಡ್ಬೋದಿತ್ತು," ಎಂದರು. ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು ಆಪಾ. ವಿಡಿಯೋದಲ್ಲಿ ಎಲ್ಲ ಗೊತ್ತಿರುವವರು ಅವರು. ಅವತ್ತು ಅವರ ಮುಖ ನಮ್ಮಪ್ಪ ಅಳತೆ ತಪ್ಪಿದ ದಿನ ಇರುತ್ತದಲ್ಲ, ಹಾಗಿತ್ತು.

ಅವರೇ ತಾತನಿಗೆ ಫೋನ್ ಮಾಡಿದರು. ಶುಕ್ರವಾರ ತಾತ, ಸೀತಮ್ಮಜ್ಜಿ ಇಬ್ಬರೂ ಬಂದರು. ನನ್ನನ್ನೂ ವಿಕ್ರಮ್ ಸರ್ ಅವರನ್ನೂ ಕೂರಿಸಿಕೊಂಡು ಸರ್ ಇದ್ದದ್ದು ಇದ್ದ ಹಾಗೆ ಹೇಳಿದರು. ಔಷಧಿ ಪೂರ್ತಿ ಅಂಟಿದೆಯೋ ಇಲ್ಲವೋ ಗೊತ್ತಿಲ್ಲ, ಜೂನಿನಲ್ಲಿ ಟ್ರೆಡ್‌ಮಿಲ್ ಟೆಸ್ಟ್ ಮಾಡೋಣ, ಎದೆಯಲ್ಲಿ ಸ್ವಲ್ಪ ಹಿಡಿದಂತಾದರೂ ತಕ್ಷಣ ಬನ್ನಿ, ಬೇಕಾದರೆ ಮತ್ತೆ ಆಂಜಿಯೋಗ್ರಾಮ್ ಎಂದರು.

ಸೀತಮ್ಮಜ್ಜಿ ಸೆರಗು ಬಾಯಿಗೆ ಹಿಡಿದುಕೊಂಡರು. "ಈ ಮಗೂನ ಏನೂ ಅನ್ಬೇಡಿ ಡಾಕ್ಟ್ರೇ. ಸರಿ, ಅದು ಏನೋ ಅಂದಿದೆ. ಇವರಿಗೇನಾಗತ್ತೆ ಅದು ಹೇಳಿ."

"ಗೊತ್ತಿಲ್ಲ ಅಂತ ಅವರೇ ಹೇಳ್ತಿದ್ದಾರಲ್ಲೇ," ಎಂದರು ತಾತ. ಆಮೇಲೆ ನನ್ನ ಕಡೆ ತಿರುಗಿದರು. "ನಾನೂ ಎಣಿಸ್ತಿದ್ದೆ ಕಣಮ್ಮ."

"ಏನು ತಾತ?"

"ಬಲೂನ್ ಉಬ್ಬಿದಾಗ ಎದೆ ಹಿಂಡಿದ ಹಾಗಾಗತ್ತೆ, ಒಂದು ನಿಮಿಷ ತಡ್ಕೊಳ್ಳಿ ಅಂತ ಇವರು ಮೊದಲೇ ಹೇಳಿದ್ರು. ಎಣಿಸ್ಕೊಂಡು ಮಲಗಿದ್ದೆ. ಇಪ್ಪತ್ತೈದಕ್ಕೆ ಹಗುರ ಆಯ್ತು. ಇದೇನು ಬೇಗ ಮುಗೀತಲ್ಲ ಅಂದ್ಕೊಂಡೆ. ಕೇಳ್ಲಿಲ್ಲ. ಇಷ್ಟು ಜನ ಓದಿದೋರು ನಿಂತಿದ್ದಾರೆ, ಇನ್‌ಸ್ಪೆಕ್ಷನ್ ಟೇಬಲ್ ಮೇಲೆ ಮಲಗಿರೋ ಪಾರ್ಟು ಮಾತಾಡ್ಬಾರ್ದು ಅನ್ನಿಸ್ತು."

ನಾಲ್ಕು ಜನ ಆಪಾ, ನಾಲ್ಕು ಜನರಿಗೂ ಏನೋ ಸರಿಯಿಲ್ಲ ಎಂದು ಅನ್ನಿಸಿತ್ತು. ನಾಲ್ಕೂ ಜನ ಇನ್ನೊಬ್ಬರಿಗೆ ಗೊತ್ತಿರುತ್ತದೆ ಎಂದುಕೊಂಡೆವು.

ತಾತ ಜೇಬಿನಿಂದ ಮಡಿಸಿದ ಹಾಳೆ ತೆಗೆದರು. ಸ್ಕೇಲ್ ಇಟ್ಟು ಗೆರೆ ಎಳೆದು ತಂದಿದ್ದರು. ಫೋನ್ ಬಂದ ದಿನವೇ ಮಾಡಿದ್ದಂತೆ. ಅವರ ಕಾರ್ಖಾನೆಯಲ್ಲಿ ಯಾವ ಭಾಗವನ್ನಾದರೂ ಬರೆದಿಟ್ಟ ಕ್ರಮದ ಪ್ರಕಾರ ಮಾಡದಿದ್ದರೆ ಅದನ್ನು ತಕ್ಷಣ ಬಿಸಾಡುತ್ತಿರಲಿಲ್ಲವಂತೆ, ಮುಚ್ಚಿಡುತ್ತಲೂ ಇರಲಿಲ್ಲವಂತೆ. ಡೀವಿಯೇಷನ್ ಸ್ಲಿಪ್ ಎಂದು ಒಂದು ಚೀಟಿ ಬರೆದು ಆ ಭಾಗಕ್ಕೇ ಕಟ್ಟುತ್ತಿದ್ದರಂತೆ. ಏನು ತಪ್ಪಿತು, ಎಲ್ಲಿ, ಎಷ್ಟು, ಮುಂದೆ ಯಾವಾಗ ನೋಡಬೇಕು. ಭಾಗ ಎಲ್ಲಿಗೆ ಹೋದರೂ ಚೀಟಿ ಜೊತೆಯಲ್ಲೇ.

"ಮೂವತ್ತಾರು ವರ್ಷ ಬೇರೆಯವರಿಗೆ ಕಟ್ಟಿದ್ದೀನಿ," ಎಂದರು. "ನನಗೂ ಒಂದು ಕಟ್ಟಿ. ನಾಳೆ ನಾನು ಇನ್ಯಾವುದೋ ಆಸ್ಪತ್ರೆಗೆ ಹೋಗಿ ಬಿದ್ರೆ ಅಲ್ಲಿಯವರಿಗೆ ತಿಳೀಬೇಕಲ್ಲ. ಕನ್ನಡದಲ್ಲೇ ಬರಿ, ಇವಳೂ ಓದ್ಕೊಳ್ಲಿ."

ಸರ್ ಇದಕ್ಕೆ ಒಪ್ಪುವುದಿಲ್ಲ ಎಂದುಕೊಂಡೆ. ಅವರು ಪೆನ್ನು ತೆಗೆದು ನನಗೆ ಕೊಟ್ಟರು. ಬರೆದೆ. ಕೆಳಗೆ ಎರಡು ಸಹಿಗೆ ಜಾಗ ಇತ್ತು. ಮೊದಲನೆಯದು ಕೆಲಸ ಮಾಡಿದವರದು. ಸರ್ ಸಹಿ ಹಾಕಿದರು, ವಿಕ್ರಮ್ ಸರ್ ಹಾಕಿದರು, ಆಮೇಲೆ ನಾನು. ಎರಡನೆಯದರ ಮೇಲೆ ತಾತ ಬೆರಳಿಟ್ಟರು.

"ಇದು ಕ್ರಮ ಗೊತ್ತು ಮಾಡಿದವರದು. ಎಣಿಸೋರು ಈ ಪದ ಹೇಳ್ಬೇಕು ಅಂತ ಯಾರು ಗೊತ್ತು ಮಾಡಿದ್ದು?"

ಸರ್, ತಾವು ಸೇರುವ ಮೊದಲಿಂದಲೂ ಹಾಗೇ ಇತ್ತು ಎಂದರು. ವಿಕ್ರಮ್ ಸರ್ ನೆಲ ನೋಡಿದರು. ಅವರಿಗೆ ಗೊತ್ತು. ನನಗೂ ಗೊತ್ತು. ನಿಮ್ಮ ಕಾಗದ ನನ್ನ ಬ್ಯಾಗಿನಲ್ಲೇ ಇತ್ತು. ಬಾಯಿಗೆ ಬಂತು ಆಪಾ, ನುಂಗಿದೆ. ಸರಿ ಮಾಡಿದೆನೋ ತಪ್ಪು ಮಾಡಿದೆನೋ ಈಗಲೂ ಗೊತ್ತಾಗುತ್ತಿಲ್ಲ. ನಿಮ್ಮ ಹೆಸರು ಹೇಳಿದ್ದರೆ ಚಾಡಿ ಹೇಳಿದಂತೆ, ಹೇಳದಿದ್ದರೆ ಮತ್ತೆ ಸುಮ್ಮನಿದ್ದಂತೆ.

"ಯಾರನ್ನೂ ಹಿಡಿಯೋಕಲ್ಲಮ್ಮ," ಎಂದರು ತಾತ, ನನ್ನ ಮುಖ ನೋಡಿ. "ಕ್ರಮ ಮಾಡಿದವರು ಸಹಿ ಹಾಕಿದ್ರೇ ಕ್ರಮ ಬದಲಾಗೋದು. ಇಲ್ದಿದ್ರೆ ಮುಂದಿನ ಹುಡುಗಿನೂ ಇದೇ ಅಂತಾಳೆ. ವಿಚಾರಿಸಿ ತುಂಬಿಸ್ಕೊಂಡು ಬಾ, ಕಾಯ್ತೀನಿ."

ಲ್ಯಾಬಿನಲ್ಲಿ ಈಗ ಹೊಸ ಪದ ಹುಡುಕುತ್ತಿದ್ದಾರೆ. ಒಬ್ಬರು "ಸಿಕ್ಸ್ಟಿ" ಅಂತಾರೆ, ಮುನಿಆಂಜನಪ್ಪ ಅಂತ ವಾರ್ಡ್ ಅಣ್ಣ ಒಬ್ಬರಿದ್ದಾರಲ್ಲ, ಅವರು "ಗೋವಿಂದ ಅನ್ನಿ, ಯಾರೂ ತಪ್ಪಾಗಿ ಅನ್ನಲ್ಲ" ಅಂದರು. ಪೇಷೆಂಟ್ ಕೇಳಿಸಿಕೊಂಡರೆ ಅಲ್ಲೇ ಹೋಗ್ತಾರೆ ಎಂದು ಸಿಸ್ಟರ್ ಬೈದರು. ಇನ್ನೂ ಏನೂ ತೀರ್ಮಾನವಾಗಿಲ್ಲ. ಎಣಿಸುವ ಕೆಲಸ ಸದ್ಯಕ್ಕೆ ನನಗಿಲ್ಲ. ಕೆಲಸದಿಂದ ತೆಗೆದಿಲ್ಲ.

ಆ ಹಾಳೆಯನ್ನು ತಾತನ ಕೈಯಿಂದ ಇಸಕೊಂಡು ಬಂದು ಈ ಲಕೋಟೆಯಲ್ಲಿ ಇಟ್ಟಿದ್ದೀನಿ. ಝೆರಾಕ್ಸ್ ಅಲ್ಲ, ಒರಿಜಿನಲ್ಲೇ. ಎರಡನೇ ಸಹಿಯ ಜಾಗ ಹಾಗೇ ಬಿಟ್ಟಿದೆ. ನಮ್ಮ ಪಕ್ಕದ ಮನೆ ಬಾಡಿಗೆಗೆ ಖಾಲಿ ಇದೆ, ನಿಮಗೆ ಆಗತ್ತೆ. ಚೀಫ್ ಟೆಕ್ನಿಷಿಯನ್ ಆಗಿ ನೀವು ಬಂದರೆ ನನಗಿಂತ ಖುಷಿಪಡೋರು ಯಾರೂ ಇಲ್ಲ, ಇದು ನಿಜ. ಆದರೆ ನೀವು ಬರೋ ಹೊತ್ತಿಗೆ ಈ ಕಾಗದ ತಾತನ ಫೈಲಿನಲ್ಲಿರಬೇಕು. ಸಹಿ ಹಾಕಿ ವಾಪಸ್ ಕಳಿಸ್ತೀರಾ ಆಪಾ, ಇಲ್ಲಾ ಖಾಲಿಯಾಗೇ ಕಳಿಸೋ ಧೈರ್ಯ ಇದೆಯಾ ನಿಮಗೆ?